ಟ್ರ್ಯಾಕ್‌ಗೆ ಕಾರು ಇಳಿಸೋಣ: ಮೊದಲು ಬ್ರೇಕ್, ಕೊನೆಗೆ ಇಂಜಿನ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಾಡಿದರೆ ಕಾರಿನ ಅಬ್ಬರ ಹೆಚ್ಚಿಸಲು ಬೇಕಾದ್ದೆಲ್ಲ ಸಿಗುತ್ತದೆ. ಗುಡುಗುವ ಸೈಲೆನ್ಸರ್, ಅಗಲವಾದ ಅಲಾಯ್ ಚಕ್ರ, ಡಿಕ್ಕಿಯ ಮೇಲೊಂದು ರೆಕ್ಕೆ, ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಅದುಮುವ ಕ್ಯಾಲಿಪರ್‌ಗೆ ಹಾಕುವ ಕೆಂಪು ಕವರ್. ಮೊದಲ ಸಲ ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ ಇವುಗಳಲ್ಲಿ ಒಂದೂ ಬೇಕಿಲ್ಲ. ಬೇಕಾದ್ದು ಒಂದು ಲೀಟರ್ ಒಳ್ಳೆಯ ಬ್ರೇಕ್ ಆಯಿಲ್, ಒಂದು ಜೊತೆ ಗಟ್ಟಿ ಬ್ರೇಕ್ ಪ್ಯಾಡ್, ಸವೆಯದ ಟೈರ್, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್. ಬೆಂಗಳೂರಿನ ಬಹಳಷ್ಟು ಹುಡುಗರು ಇದನ್ನು ತಲೆಕೆಳಗು ಮಾಡುತ್ತಾರೆ. ಇಂಜಿನ್‌ಗೆ ಲಕ್ಷಗಟ್ಟಲೆ ಸುರಿದು, ಕಂಪನಿ ಬ್ರೇಕ್‌ನಲ್ಲೇ ಟ್ರ್ಯಾಕ್‌ಗೆ ಇಳಿಯುತ್ತಾರೆ. ಮೂರನೇ ಸುತ್ತಿಗೆ ಪೆಡಲ್ ಮೆತ್ತಗಾಗುತ್ತದೆ.

ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಯಾರು ಮೊದಲು, ಯಾರು ಕೊನೆ ಎಂಬ ಲೆಕ್ಕ ಅಲ್ಲಿಲ್ಲ. ಆಯೋಜಕರು ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತಾರೆ. ದುಡ್ಡು ಕಟ್ಟಿದವರನ್ನು ಹೊಸಬರು, ಅನುಭವಿಗಳು ಎಂದು ಗುಂಪು ಮಾಡಿ, ಸಾಮಾನ್ಯವಾಗಿ 15–20 ನಿಮಿಷದ ಸರದಿಯಲ್ಲಿ ಒಳಗೆ ಬಿಡುತ್ತಾರೆ. ಪೋಲೊ, ಸ್ವಿಫ್ಟ್ ಬರುತ್ತವೆ. ಆಕ್ಟೇವಿಯಾ ಆರ್‌ಎಸ್, ಮಿನಿ ಕೂಪರ್, ಪೋರ್ಷೆ ಕೂಡ ಬರುತ್ತವೆ. ಸಣ್ಣ ಕಾರು ತಂದವರು ನಾಚಿಕೊಳ್ಳಬೇಕಿಲ್ಲ. ತೂಕ ಕಮ್ಮಿ ಇದ್ದಷ್ಟು ಬ್ರೇಕ್, ಟೈರ್ ಎರಡೂ ಹೆಚ್ಚು ಹೊತ್ತು ತಡೆಯುತ್ತವೆ.

ಎಲ್ಲಿ ಓಡಿಸುವುದು?

ಬೆಂಗಳೂರಿಗರು ಹೆಚ್ಚಾಗಿ ಹೋಗುವುದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ. ಶ್ರೀಪೆರಂಬದೂರು ದಾಟಿದರೆ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಹಳಬರ ಬಾಯಲ್ಲಿ ಅದು ಇಂದಿಗೂ ಎಂಎಂಆರ್‌ಟಿ, ಅಂದರೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್. 1990ರಲ್ಲಿ ಶುರುವಾದ ಈ ಟ್ರ್ಯಾಕ್‌ನ ಉದ್ದ 3.7 ಕಿ.ಮೀ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವೆಲ್ಲೂರು ಮೇಲೆ ಸುಮಾರು 300 ಕಿ.ಮೀ. ದಾರಿ. ಇನ್ನೊಂದು, ಕೊಯಮತ್ತೂರು ಬಳಿಯ ಚೆಟ್ಟಿಪಾಳ್ಯಂನಲ್ಲಿರುವ ಕಾರಿ ಮೋಟಾರ್ ಸ್ಪೀಡ್‌ವೇ. ಇದು ಚಿಕ್ಕದು, ಸುಮಾರು 2 ಕಿ.ಮೀ.

ಅಷ್ಟು ದೂರ ಹೋಗುವ ಮುಂಚೆ ಊರಲ್ಲೇ ಒಂದು ಕೆಲಸ ಮಾಡಬಹುದು. ಹೆಣ್ಣೂರು–ಬಾಗಲೂರು ರಸ್ತೆಯ ಮೆಕೊ ಕಾರ್ಟೋಪಿಯಾದಂಥ ಕಡೆ ಹೋಗಿ ಗೋ-ಕಾರ್ಟ್ ಓಡಿಸಿ. ಎಲ್ಲಿ ಬ್ರೇಕ್ ಹಿಡಿಯಬೇಕು, ತಿರುವಿನಲ್ಲಿ ಎಲ್ಲಿ ನೋಡಬೇಕು ಅನ್ನುವುದು ಕಡಿಮೆ ಖರ್ಚಿನಲ್ಲಿ ಮೈಗೆ ಹತ್ತುತ್ತದೆ. ಫಾರ್ಮುಲಾ 1ಕ್ಕಿಂತ ಒಂದೇ ಮೆಟ್ಟಿಲು ಕೆಳಗಿರುವ ಫಾರ್ಮುಲಾ 2ರವರೆಗೆ ಹೋದ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಕೂಡ ಕಾರ್ಟ್‌ನಲ್ಲೇ ಕಲಿತವರು.

ಏರ್‌ಪೋರ್ಟ್ ರಸ್ತೆಯಲ್ಲೋ ನೈಸ್ ರಸ್ತೆಯಲ್ಲೋ ರಾತ್ರಿ ಹೊತ್ತು ಪ್ರಾಕ್ಟೀಸ್ ಮಾಡುತ್ತೇನೆ ಅನ್ನುವವರು ಈ ಲೇಖನ ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತ ದೊಡ್ಡ ವಿಷಯ, ಎದುರಿಗೆ ಹಾಲಿನ ವ್ಯಾನ್ ಬರುತ್ತದೆ.

ಮೊದಲು ಕಾಗದ ಪತ್ರ

ಬೇಜಾರಿನ ವಿಷಯ, ಬೇಗ ಮುಗಿಸೋಣ. ಇದೇ ಕಾಯ್ದೆಯ 52ನೇ ಕಲಂ ಪ್ರಕಾರ, ಕಾರು ತಯಾರಿಸಿದವರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಆ ವರ್ಷದ ತಿದ್ದುಪಡಿಯಲ್ಲಿ ಇದಕ್ಕೆ ಪ್ರತ್ಯೇಕ ಶಿಕ್ಷೆಯೂ ಬಂತು. ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಬಹುದು. ಒಳ್ಳೆಯ ಪ್ಯಾಡ್, ಒಳ್ಳೆಯ ಆಯಿಲ್, ಅದೇ ಅಳತೆಯ ಉತ್ತಮ ಟೈರ್ ಹಾಕಿಸಿದರೆ ಯಾರೂ ಕೇಳುವುದಿಲ್ಲ. ಸೈಲೆನ್ಸರ್, ಬಾಡಿ, ಇಂಜಿನ್ ಬದಲಾಯಿಸಿದರೆ ಕೇಳುತ್ತಾರೆ. ಅದೃಷ್ಟಕ್ಕೆ, ಟ್ರ್ಯಾಕ್‌ನಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಮೊದಲಿನ ಪಟ್ಟಿಯೇ.

ವಿಮೆ ಪಾಲಿಸಿಯನ್ನೂ ತೆಗೆದು ಓದಿ. ರೇಸ್, ವೇಗದ ಪರೀಕ್ಷೆ ಇಂಥವುಗಳಿಗೆ ಕವರ್ ಇಲ್ಲ ಎಂದು ನಮ್ಮ ಸಾಮಾನ್ಯ ಪಾಲಿಸಿಗಳಲ್ಲಿ ಬರೆದೇ ಇರುತ್ತದೆ. ಟ್ರ್ಯಾಕ್‌ನಲ್ಲಿ ಗೋಡೆಗೆ ಗುದ್ದಿದರೆ ಖರ್ಚು ನಿಮ್ಮದೇ ಎಂದುಕೊಂಡೇ ಹೋಗಿ. ಇಎಂಐ ಇನ್ನೂ ಕಟ್ಟುತ್ತಿರುವ ಕಾರಾದರೆ ಮನೆಯಲ್ಲೂ ಒಂದು ಮಾತು ಹೇಳಿಬಿಡಿ.

ಬ್ರೇಕ್: ದುಡ್ಡು ಹಾಕಬೇಕಾದ್ದು ಇಲ್ಲಿ

ವೇಗ ಎರಡು ಪಟ್ಟಾದರೆ ಕಾರನ್ನು ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಾಖ ನಾಲ್ಕು ಪಟ್ಟಾಗುತ್ತದೆ. 80ರಿಂದ ನಿಲ್ಲಿಸುವುದಕ್ಕೂ 160ರಿಂದ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ ಇದು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಗಂಟೆಗೆ ನೂರು ಸಲ ಬ್ರೇಕ್ ಒತ್ತಿದರೂ ಅದು ಅಷ್ಟೇನೂ ಕಾಯುವುದಿಲ್ಲ. ಟ್ರ್ಯಾಕ್‌ನಲ್ಲಿ ನಿಮಿಷಕ್ಕೆ ಮೂರ್ನಾಲ್ಕು ಸಲ ಒತ್ತಿದರೂ ಡಿಸ್ಕ್ ಸುಡುತ್ತದೆ. ಆ ಬಿಸಿ ಪ್ಯಾಡ್ ಮೂಲಕ ಕ್ಯಾಲಿಪರ್‌ಗೆ, ಅಲ್ಲಿಂದ ಆಯಿಲ್‌ಗೆ ಹೋಗುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಅದುಮಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲು ಒತ್ತಿದ್ದೆಲ್ಲ ಗುಳ್ಳೆ ಅದುಮುವುದಕ್ಕೇ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ ಅನ್ನುವುದು ಇನ್ನೊಂದು ತೊಂದರೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಿಮ್ಮ ಕಾರಿನಲ್ಲಿರುವುದು ಮೂರು ಮಳೆಗಾಲ ಕಂಡ ಆಯಿಲ್ ಆಗಿದ್ದರೆ ಟ್ರ್ಯಾಕ್‌ಗೆ ಅದು ಆಗದು. ರೇಸಿಂಗ್‌ಗೆಂದೇ ಬರುವ ಡಾಟ್ 4 ಆಯಿಲ್‌ಗಳು 300 ಡಿಗ್ರಿವರೆಗೂ ತಡೆಯುತ್ತವೆ. ಮೊಹರು ಒಡೆಯದ ಬಾಟಲಿಯನ್ನೇ ತನ್ನಿ. ಹೆಸರು ನೋಡಿ ಡಾಟ್ 5 ತಂದುಬಿಡಬೇಡಿ, ಅದು ಸಿಲಿಕೋನ್, ಇದರ ಜೊತೆ ಸೇರಿಸುವಂತಿಲ್ಲ.

ಆಯಿಲ್ ಬದಲಾಯಿಸುವಾಗ ಗ್ಯಾರೇಜ್‌ನಲ್ಲಿ ಎದುರಿಗೇ ನಿಲ್ಲಿ. ಮೆಕ್ಯಾನಿಕ್ ಚಕ್ರದ ಹಿಂದೆ ಕೂತು ಹಳೆಯ ಆಯಿಲ್, ಗುಳ್ಳೆ ಹೊರಬಿಡುವ ಬ್ಲೀಡಿಂಗ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸುತ್ತಾರೆ. ಹುಡುಗ ಒಳಗೆ ಪೆಡಲ್ ಮೇಲೆ ಕಾಲಿಟ್ಟಿರುತ್ತಾನೆ. ‘ಒತ್ತು… ಹಿಡ್ಕೋ… ಬಿಡು’ ಎಂದು ಒಂದೇ ಲಯದಲ್ಲಿ ಕೂಗುತ್ತಿರುತ್ತಾರೆ. ಮೊದಲು ಕಾಫಿ ಡಿಕಾಕ್ಷನ್ ಬಣ್ಣದ್ದು ಬರುತ್ತದೆ, ನಡುನಡುವೆ ಗುಳ್ಳೆ. ತಿಳಿ ಬಣ್ಣದ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೂ ಬಿಡಬಾರದು. ನಾಲ್ಕೂ ಚಕ್ರಕ್ಕೆ ಹೀಗೆ ಆಗಬೇಕು. ‘ಮುಂದಿನ ಎರಡು ಸಾಕು ಸಾರ್’ ಅಂದರೆ ಒಪ್ಪಬೇಡಿ.

ಪ್ಯಾಡ್ ವಿಷಯಕ್ಕೆ ಬಂದರೆ, ಪೂರ್ತಿ ರೇಸ್ ಪ್ಯಾಡ್ ಬೇಡ. ಅದು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ, ಮನೆ ಹತ್ತಿರದ ಸಿಗ್ನಲ್‌ನಲ್ಲೇ ಗಾಬರಿ ಹುಟ್ಟಿಸುತ್ತದೆ. ರಸ್ತೆಗೂ ಟ್ರ್ಯಾಕ್‌ಗೂ ಆಗುವ ನಡುವಿನ ದರ್ಜೆಯದ್ದು ಕೇಳಿ. ಹೊಸ ಪ್ಯಾಡನ್ನು ಡಿಸ್ಕ್‌ಗೆ ಪಳಗಿಸದೆ ಜೋರಾಗಿ ಓಡಿಸಬೇಡಿ. ಪ್ಯಾಕೆಟ್ ಮೇಲೆ ಅದರ ಕ್ರಮ ಬರೆದಿರುತ್ತದೆ.

ಟೈರ್, ಅಲೈನ್‌ಮೆಂಟ್

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ಐದಾರು ವರ್ಷ ಹಳೆಯದು, ಅಂಚಿನಲ್ಲಿ ಬಿರುಕು ಬಿಟ್ಟದ್ದು, ಪಂಕ್ಚರ್ ಪ್ಲಗ್ ಹಾಕಿಸಿದ್ದು ಟ್ರ್ಯಾಕ್‌ಗೆ ಬೇಡ. ಅಗಲ ಹೆಚ್ಚಿಸುವುದಕ್ಕಿಂತ ಅದೇ ಅಳತೆಯಲ್ಲಿ ಮೆದು ರಬ್ಬರಿನ ಒಳ್ಳೆಯ ಟೈರ್ ಹಾಕಿಸುವುದು ಮೇಲು.

ಗಾಳಿಯ ವಿಷಯದಲ್ಲಿ ಬೆಂಗಳೂರಿನವರಿಗೆ ಒಂದು ವಿಶೇಷ ಇದೆ. ನಾವಿರುವುದು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ. ಇರುಂಗಾಟ್ಟುಕೋಟ್ಟೈ ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲೇ ಇದೆ. ಅಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಗಿಂತ ಸುಮಾರು ಶೇ 10ರಷ್ಟು ಜಾಸ್ತಿ, ಸೆಕೆಯೂ ಜಾಸ್ತಿ. ಎತ್ತರ ಇಳಿದಂತೆ ಟೈರಿನ ಗೇಜ್ ಕಮ್ಮಿ ತೋರಿಸುತ್ತದೆ, ಬಿಸಿಗೆ ಜಾಸ್ತಿ ತೋರಿಸುತ್ತದೆ. ಅದಕ್ಕೆ ಇಲ್ಲಿಯ ಬಂಕ್‌ನಲ್ಲಿ ತುಂಬಿಸಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬೆಳಗ್ಗೆ ಟೈರ್ ತಣ್ಣಗಿದ್ದಾಗ ಟ್ರ್ಯಾಕ್‌ನಲ್ಲೇ ಮತ್ತೆ ಅಳೆಯಿರಿ. ಕೆಲವು ಸುತ್ತು ಹೊಡೆದು ಬಂದ ಕೂಡಲೇ ಇನ್ನೊಮ್ಮೆ ಅಳೆಯಿರಿ, ಆರೆಂಟು ಪಿಎಸ್‌ಐ ಏರಿರುತ್ತದೆ. ಹೆಚ್ಚಾದದ್ದನ್ನು ಬಿಸಿ ಇರುವಾಗಲೇ ಸ್ವಲ್ಪ ಇಳಿಸಿ. ಮರಳಿ ಹೊರಡುವ ಮುನ್ನ ತುಂಬಿಸಿಕೊಳ್ಳಲು ಮರೆಯಬೇಡಿ.

ಸಸ್ಪೆನ್ಷನ್ ಬದಲಾಯಿಸಲು ಅವಸರ ಬೇಡ. ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ, ಅಂದರೆ ಕಾಯಿಲ್‌ಓವರ್ ಹಾಕಿಸಿ ಕಾರು ತಗ್ಗಿಸಿದರೆ ಟ್ರ್ಯಾಕ್‌ನಲ್ಲಿ ಚೆಂದ, ನಮ್ಮ ಬಡಾವಣೆಯ ಹಂಪ್‌ಗಳಲ್ಲಿ ಹೊಟ್ಟೆ ಉಜ್ಜುತ್ತದೆ. ಮುಂದಿನ ಚಕ್ರದ ಕ್ಯಾಂಬರನ್ನು, ಅಂದರೆ ವಾಲುವ ಕೋನವನ್ನು, ಕಾರು ಒಪ್ಪುವಷ್ಟು ಮೈನಸ್‌ಗೆ (ಮೇಲ್ತುದಿ ಒಳಕ್ಕೆ) ತರಿಸಿದರೆ ತಿರುವಿನಲ್ಲಿ ಟೈರಿನ ಹೊರ ಅಂಚು ಬೇಗ ಸವೆಯುವುದಿಲ್ಲ. ಒಂದೂವರೆ ಡಿಗ್ರಿ ಸಿಕ್ಕರೂ ವ್ಯತ್ಯಾಸ ತಿಳಿಯುತ್ತದೆ.

ಇಂಜಿನ್

ಮೊದಲ ವರ್ಷ ಮುಟ್ಟಬೇಡಿ. ಇಷ್ಟೇ ಹೇಳಿ ಬಿಟ್ಟುಬಿಡುತ್ತಿದ್ದೆ, ಆದರೆ ಎಲ್ಲರೂ ಕೇಳುವುದು ಇದನ್ನೇ ಅಲ್ವಾ? ಟರ್ಬೊ ಕಾರಿಗೆ ರೀಮ್ಯಾಪ್ ಮಾಡಿಸಿದರೆ, ಅಂದರೆ ಇಂಜಿನ್ ಕಂಪ್ಯೂಟರಿನ ಪ್ರೋಗ್ರಾಂ (ಮ್ಯಾಪ್) ಬದಲಾಯಿಸಿದರೆ, ಶಕ್ತಿ ಏರುತ್ತದೆ, ನಿಜ. ಜೊತೆಗೆ ಶಾಖವೂ ಏರುತ್ತದೆ. ತಂಪಾದ ಬೆಂಗಳೂರಿನ ಬೆಳಗಿನಲ್ಲಿ ಚೆನ್ನಾಗಿ ಓಡಿದ ಮ್ಯಾಪ್, ಚೆನ್ನೈ ಮಧ್ಯಾಹ್ನದಲ್ಲಿ ಟರ್ಬೊ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಕಾದ ಮೇಲೆ ಸುಸ್ತಾಗುತ್ತದೆ. ವಾರಂಟಿ ಹೋಗುವುದು ಬೇರೆ. ಶಕ್ತಿ ಹೆಚ್ಚಾದರೆ ಪ್ರತಿ ತಿರುವಿಗೂ ಇನ್ನಷ್ಟು ವೇಗದಲ್ಲಿ ಬರುತ್ತೀರಿ. ಅಂದರೆ ಮತ್ತೆ ಬ್ರೇಕ್‌ಗೇ ಬಂದೆವು. ಇಂಜಿನ್‌ಗೆ ಈಗ ಬೇಕಾದ್ದು ಹೊಸ ಆಯಿಲ್, ಮೇಲಿನ ಗೆರೆಯವರೆಗೆ. ಕಮ್ಮಿ ಇದ್ದರೆ ಉದ್ದ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ಕೂಲಂಟ್ ನೋಡಿ, ರೇಡಿಯೇಟರ್ ಮುಂದಿನ ಧೂಳು ತೊಳೆಸಿ.

ಆ ದಿನ ಬೆಳಗ್ಗೆ

ಹಿಂದಿನ ದಿನವೇ ಹೋಗಿ ಶ್ರೀಪೆರಂಬದೂರಿನಲ್ಲಿ ಮಲಗಿ. ರಾತ್ರಿ ಎರಡಕ್ಕೆ ಎದ್ದು, ಕೃಷ್ಣಗಿರಿಯಲ್ಲಿ ಕಾಫಿ ಕುಡಿದು, ನೇರ ಟ್ರ್ಯಾಕ್‌ಗೆ ಇಳಿಯುವ ಶೂರತನ ಬೇಡ.

ಕಾರಿನಿಂದ ಎಲ್ಲ ತೆಗೆಯಿರಿ. ನೀರಿನ ಬಾಟಲಿ ಉರುಳಿ ಪೆಡಲ್ ಕೆಳಗೆ ಸೇರಿದರೆ ಕಥೆ ಮುಗಿಯಿತು. ಚಾಲಕನ ಮ್ಯಾಟ್ ಕೂಡ ತೆಗೆಯಬೇಕು. ಡ್ಯಾಶ್‌ಬೋರ್ಡ್ ಮೇಲಿನ ಗಣಪನನ್ನು ಅಂಟಿಸಿಲ್ಲದಿದ್ದರೆ ಮನೆಯಲ್ಲೇ ಕೂರಿಸಿ ಬನ್ನಿ, ಮೊದಲ ಬ್ರೇಕ್‌ಗೇ ಹಾರಿ ಬರುತ್ತಾನೆ. ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಿ, ಎಷ್ಟು ಅನ್ನುವುದು ಕಾರಿನ ಪುಸ್ತಕದಲ್ಲಿದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡಬೇಡಿ. ಮೈಮೇಲೆ ಹತ್ತಿಯ ತುಂಬುತೋಳಿನ ಬಟ್ಟೆ ಇರಲಿ. ಸಿಂಥೆಟಿಕ್ ಬೇಡ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕಾಲಿಗೆ ತೆಳು ಅಡಿಯ ಶೂ. ಓಆರ್‌ಎಸ್ ಪ್ಯಾಕೆಟ್ ಜೇಬಿನಲ್ಲಿರಲಿ.

ತಪಾಸಣೆಗೆ ಬಂದವರು ಬ್ಯಾಟರಿ ಹಿಡಿದು ಅಲ್ಲಾಡಿಸುತ್ತಾರೆ, ಚಕ್ರ ಜಗ್ಗುತ್ತಾರೆ, ಆಯಿಲ್ ಸೋರಿಕೆ, ಬ್ರೇಕ್ ಲೈಟ್, ಸೀಟ್ ಬೆಲ್ಟ್ ನೋಡುತ್ತಾರೆ. ಆಮೇಲೆ ಎಲ್ಲರನ್ನೂ ಕೂರಿಸಿ ಬಾವುಟದ ಪಾಠ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನ, ಓವರ್‌ಟೇಕ್ ಇಲ್ಲ. ಕೆಂಪು ಕಂಡರೆ ಓಟ ನಿಂತಿತು, ಮೆಲ್ಲಗೆ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ಕಾರು ನಿಲ್ಲಿಸುವ ಜಾಗಕ್ಕೆ. ನೀಲಿ ಕಂಡರೆ ಹಿಂದಿನವರು ವೇಗವಾಗಿದ್ದಾರೆ, ದಾರಿ ಬಿಡಿ. ಇದನ್ನು ಮೊಬೈಲ್ ನೋಡುತ್ತಾ ಕೇಳಬೇಡಿ.

ಓಡಿಸುವುದು

ಮೊದಲ ಎರಡು ಸುತ್ತು ಸುಮ್ನೆ ನೋಡಿ. ಬಾವುಟ ಹಿಡಿದವರು ಎಲ್ಲೆಲ್ಲಿ ನಿಂತಿದ್ದಾರೆ, ಡಾಂಬರು ಎಲ್ಲಿ ತೇಪೆ ಹಾಕಿದೆ, ತಿರುವಿಗೆ ಮುಂಚೆ ಬೋರ್ಡ್ ಇದೆಯೇ. ಸೀಟು ಹತ್ತಿರ ಎಳೆದುಕೊಳ್ಳಿ. ಬೆನ್ನು ಸೀಟಿಗೆ ಆನಿಸಿರುವಾಗಲೇ ಮಣಿಕಟ್ಟು ಸ್ಟಿಯರಿಂಗ್‌ನ ಮೇಲಂಚಿಗೆ ತಾಗಬೇಕು.

ಬ್ರೇಕ್ ಕೆಲಸವೆಲ್ಲ ನೇರ ದಾರಿಯಲ್ಲೇ ಮುಗಿಯಲಿ. ತಿರುವಿಗೆ ಹೊರ ಅಂಚಿನಿಂದ ಬನ್ನಿ, ಒಳ ಅಂಚನ್ನು ತುಸು ತಡವಾಗಿ ಮುಟ್ಟಿ, ಮತ್ತೆ ಹೊರಕ್ಕೆ ಬಿಡಿ. ಬೇಗ ಒಳಗೆ ನುಗ್ಗಿದರೆ ಕೊನೆಯಲ್ಲಿ ರಸ್ತೆಯೇ ಸಾಲುವುದಿಲ್ಲ. ಹೊಸಬರು ಹುಲ್ಲಿಗೆ ಇಳಿಯುವುದು ಹೆಚ್ಚಾಗಿ ಹೀಗೆಯೇ. ವೇಗ ಜಾಸ್ತಿಯಾಯಿತು ಅನ್ನಿಸಿದರೆ ತಿರುವಿನ ಮಧ್ಯದಲ್ಲಿ ಆಕ್ಸಿಲರೇಟರ್‌ನಿಂದ ತಟಕ್ಕನೆ ಕಾಲು ತೆಗೆಯಬೇಡಿ. ಭಾರ ಮುಂದಕ್ಕೆ ಬಂದು ಹಿಂಬದಿ ಜಾರುತ್ತದೆ. ಎರಡು ಚಕ್ರ ಹುಲ್ಲಿಗೆ ಇಳಿದರೆ ಒದ್ದಾಡಿ ಎಳೆಯಬೇಡಿ. ಸ್ಟಿಯರಿಂಗ್ ನೇರ ಹಿಡಿದು, ವೇಗ ಇಳಿದ ಮೇಲೆ ಮೇಲೆ ಬನ್ನಿ. ಕಾರು ಜಾರದಂತೆ ತಡೆಯುವ ಇಎಸ್‌ಪಿಯನ್ನು ಆಫ್ ಮಾಡುವ ಬಟನ್ ಕಡೆ ಕೈ ಹೋಗುವುದೇ ಬೇಡ. ಲ್ಯಾಪ್ ಟೈಮರ್ ಕೂಡ ಮೊದಲ ದಿನ ಬೇಡ.

ಬ್ರೇಕ್ ಪೆಡಲ್ ಹೆಚ್ಚು ಕೆಳಗೆ ಹೋಯಿತು, ಸುಟ್ಟ ವಾಸನೆ ಬಂತು ಅಂದರೆ ಇನ್ನೊಂದು ಸುತ್ತು ನೋಡೋಣ ಅನ್ನಬೇಡಿ, ಒಳಗೆ ಬನ್ನಿ. ಪ್ರತಿ ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಹೆಚ್ಚು ಬಳಸದೆ ಮೆಲ್ಲಗೆ ಓಡಿಸಿ, ಗಾಳಿಗೆ ಎಲ್ಲ ತಣಿಯುತ್ತದೆ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡ್ ಡಿಸ್ಕ್‌ಗೆ ಅಂಟಬಹುದು. ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಮರದ ತುಂಡು ಕೊಡಿ. ಟರ್ಬೊ ಕಾರಾದರೆ ಗೇರ್‌ಗೆ ಹಾಕುವ ಮೊದಲು ನ್ಯೂಟ್ರಲ್‌ನಲ್ಲೇ ಇಂಜಿನ್ ಒಂದೆರಡು ನಿಮಿಷ ಓಡುತ್ತಿರಲಿ, ಬಾನೆಟ್ ತೆರೆದಿಡಿ.

ಸಂಜೆ ಹೊರಡುವ ಮೊದಲು ಪ್ಯಾಡ್ ಎಷ್ಟು ಉಳಿದಿದೆ, ನಟ್ಟು ಬಿಗಿ ಇದೆಯೇ, ಟೈರಿನಲ್ಲಿ ಗಾಳಿ ತುಂಬಿದೆಯೇ ನೋಡಿ. ಬೆಳಗಿನ ಮತ್ತು ಬಿಸಿಯ ಪಿಎಸ್‌ಐ ಎರಡನ್ನೂ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅರ್ಧ ಗಂಟೆ ಉಳಿಯುತ್ತದೆ. ಕಿವಿಯಲ್ಲಿ ಇಂಜಿನ್ ಸದ್ದು ಇನ್ನೂ ಇರುವುದರಿಂದ ಹೈವೇಯಲ್ಲಿ 100 ಕೂಡ ನಿಧಾನ ಅನ್ನಿಸುತ್ತದೆ. ಅದಕ್ಕೇ ಮೊದಲ ಐವತ್ತು ಕಿಲೋಮೀಟರ್ ಸ್ಟಿಯರಿಂಗನ್ನು ಜೊತೆಗೆ ಬಂದವರಿಗೆ ಕೊಡಿ. ಬೆಂಗಳೂರಿಗೆ ಬಂದ ವಾರದೊಳಗೆ ಬ್ರೇಕ್ ಆಯಿಲ್ ಮತ್ತೊಮ್ಮೆ ಬ್ಲೀಡ್ ಮಾಡಿಸಿ. ಕಂಪನಿಯ ಹಳೆಯ ಪ್ಯಾಡನ್ನು ಎಸೆಯದೆ ಇಟ್ಟುಕೊಂಡಿದ್ದರೆ ಆಗಲೇ ಅದನ್ನೂ ವಾಪಸ್ ಹಾಕಿಸಬಹುದು.