ಬೀಸುಬಲೆಯ ಗುಂಡುಗಳಿಗಾಗಿ ಗುಜರಿ ಸೀಸವನ್ನು ಶುಚಿ ಮಾಡಿ ಕರಗಿಸುವ ಕ್ರಮ

ಮುನಿರಾಬಾದಿನ ಸುತ್ತ ತುಂಗಭದ್ರಾ ಜಲಾಶಯದಲ್ಲಿ ಮೀನು ಹಿಡಿಯುವವರಲ್ಲಿ ಬಲೆಯ ಅಂಚಿನ ಗುಂಡುಗಳನ್ನು ತಾವೇ ಎರಕ ಹೊಯ್ದುಕೊಳ್ಳಬಯಸುವವರಿಗಾಗಿ ಈ ಕ್ರಮವನ್ನು ಬರೆದಿದ್ದೇನೆ. ಸೀಸವು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಸಾಮಾನ್ಯ ಗ್ಯಾಸ್ ಒಲೆ ಸಾಕಾಗುತ್ತದೆ. ಆ ಸುಲಭವೇ ಅಜಾಗರೂಕತೆಗೆ ದಾರಿ ಮಾಡಿಕೊಡುತ್ತದೆ. ಬೆಂಕಿಗೆ ಎಲ್ಲರೂ ಹೆದರುತ್ತಾರೆ. ಆದರೆ ಕೈಗೆ ಅಂಟಿದ ಬೂದು ಪುಡಿ ಊಟದೊಂದಿಗೆ ಹೊಟ್ಟೆಗೆ ಹೋಗುವುದು, ಬಟ್ಟೆಯ ಮೂಲಕ ಮನೆಯ ಮಗುವನ್ನು ತಲುಪುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಮಿದುಳಿಗೆ ಇಷ್ಟು ಸೀಸದಿಂದ ತೊಂದರೆಯಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ತಿಳಿದಿಲ್ಲ.

ಗುಜರಿ ಅಂಗಡಿಯಿಂದ ಹಳೆಯ ಸೀಸದ ಕೊಳವೆ, ತಗಡು, ಗಾಡಿಯ ಚಕ್ರಕ್ಕೆ ಹಾಕುವ ಬ್ಯಾಲೆನ್ಸ್ ತೂಕಗಳನ್ನು ತರಬಹುದು. ಹಳೆಯ ಬ್ಯಾಟರಿಯನ್ನು ಮಾತ್ರ ಎಂದಿಗೂ ಒಡೆಯಬಾರದು. ಅದರೊಳಗೆ ಗಂಧಕಾಮ್ಲವಿರುತ್ತದೆ, ಫಲಕಗಳಿಗೆ ಮೆತ್ತಿರುವುದು ಶುದ್ಧ ಲೋಹವಲ್ಲ, ಸುಲಭವಾಗಿ ಹುಡಿಯಾಗಿ ಹಾರುವ ಸೀಸದ ಸಂಯುಕ್ತಗಳು. ಫಲಕದ ಲೋಹದಲ್ಲಿ ಸೇರಿರುವ ಆಂಟಿಮನಿ ಮತ್ತು ಆರ್ಸೆನಿಕ್, ಕರಗಿಸಿದಾಗ ಮೇಲೆ ತೇಲುವ ಕಸರಾದ ಕಿಟ್ಟಕ್ಕೆ ತೇವ ತಗಲಿದಾಗ, ವಿಷಾನಿಲವಾಗಿ ಹೊರಬರಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆಯೂ ಅದು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು.

ಚಕ್ರದ ತೂಕಗಳಲ್ಲಿ ಕಬ್ಬಿಣ ಮತ್ತು ಸತುವಿನವೂ ಬೆರೆತಿರುತ್ತವೆ. ಕಬ್ಬಿಣವನ್ನು ಅಯಸ್ಕಾಂತದಿಂದ ಬೇರ್ಪಡಿಸಬಹುದು. ಕಟಿಂಗ್ ಪ್ಲೇಯರ್‌ನಿಂದ ಒತ್ತಿದಾಗ ಸೀಸ ಮೆತ್ತಗೆ ಕಚ್ಚುತ್ತದೆ, ಸತು ಜಗ್ಗುವುದಿಲ್ಲ. ಸತು 419 ಡಿಗ್ರಿಯ ಮೇಲೆ ಕರಗಿ ಬೆರೆತರೆ ಎರಕ ಅಚ್ಚಿನೊಳಗೆ ಸರಿಯಾಗಿ ತುಂಬುವುದಿಲ್ಲ. ಆರಿಸಿದ ತುಂಡುಗಳನ್ನು ಉಜ್ಜಿ ಹುಡಿ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೊಳವೆಗಳನ್ನು ಸೀಳಿ ಬಿಡಿಸಿ, ಒಳಗಿನ ಮಣ್ಣನ್ನೂ ತೆಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ನಮ್ಮ ಕಡೆಯ ಬೇಸಗೆಯ ಬಿಸಿಲು ಇದಕ್ಕೆ ಬಹಳ ಅನುಕೂಲ. ಮಳೆಗಾಲದಲ್ಲಿ ಈ ಕೆಲಸವನ್ನೇ ಮುಂದೂಡುವುದು ಒಳ್ಳೆಯದು, ಏಕೆಂದರೆ ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಕ್ಷಣಾರ್ಧದಲ್ಲಿ ಆವಿಯಾಗಿ ಹಿಗ್ಗಿ, ಸುಡುವ ಲೋಹವನ್ನು ಮುಖದ ಮೇಲೆ ಸಿಡಿಸುತ್ತದೆ.

ಆದ್ದರಿಂದ ಎಲ್ಲ ಸೀಸವನ್ನೂ ತಣ್ಣನೆಯ ಪಾತ್ರೆಯಲ್ಲಿಯೇ ತುಂಬಿ ಒಲೆ ಹಚ್ಚಬೇಕು. ಕರಗಿದ ಸೀಸಕ್ಕೆ ಆಮೇಲೆ ಹೊಸ ತುಂಡುಗಳನ್ನು ಹಾಕುವ ಆಸೆ ಬೇಡ. ಪಾತ್ರೆ ದಪ್ಪ ಬೀಡಿನದೋ ಉಕ್ಕಿನದೋ ಆಗಿರಲಿ. ಅಲ್ಯೂಮಿನಿಯಂ ಕಾದು ಬಲಗುಂದುತ್ತದೆ, ಸತು ಲೇಪಿಸಿದ ತಗಡೂ ಸಲ್ಲದು. ಆ ಪಾತ್ರೆ, ಸೌಟುಗಳು ಮತ್ತೆ ಅಡುಗೆಮನೆಗೆ ಹೋಗಬಾರದು. ಒಲೆಯನ್ನು ಬಯಲಿನಲ್ಲಿ ಅಲುಗಾಡದಂತೆ ಇಟ್ಟು, ಗಾಳಿ ಬೆನ್ನ ಕಡೆಯಿಂದ ಬೀಸುವಂತೆ ನಿಲ್ಲಬೇಕು. ಚರ್ಮದ ಕೈಗವಸು, ಮುಖ ಮುಚ್ಚುವ ಗುರಾಣಿ, ತುಂಬು ತೋಳಿನ ಹತ್ತಿ ಅಂಗಿ, ಮುಚ್ಚಿದ ಚರ್ಮದ ಬೂಟು, ಸೀಸದ ಹೊಗೆ ತಡೆಯುವ ಫಿಲ್ಟರ್ ಇರುವ ಮುಖವಾಡ ಅಗತ್ಯ. ಬಟ್ಟೆಯ ಮಾಸ್ಕ್ ಪ್ರಯೋಜನಕ್ಕೆ ಬಾರದು. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು.

ತಾಪಮಾಪಕ ಬಳಸಿ ಶಾಖವನ್ನು 400 ಡಿಗ್ರಿಯೊಳಗೆ ಹಿಡಿದಿಟ್ಟರೆ ಹೊಗೆಯೂ ಕಡಿಮೆ, ಕಣ್ತಪ್ಪಿ ಬಂದ ಸತುವೂ ಕರಗದೆ ತೇಲುತ್ತದೆ. ಕರಗಿದ ಮೇಲೆ ಬಟಾಣಿ ಗಾತ್ರದ ಮೇಣ ಹಾಕಿ ಹಿಂದೆ ಸರಿಯಬೇಕು, ಅದು ಭಗ್ಗನೆ ಉರಿಯಬಹುದು. ಬಿಸಿ ಮಾಡಿ ಒಣಗಿಸಿದ ಸೌಟಿನಿಂದ ಕಲಕಿದಾಗ ಒಂದಷ್ಟು ಸೀಸ ಕಿಟ್ಟದಿಂದ ಬಿಟ್ಟುಕೊಂಡು ಕೆಳಗಿಳಿಯುತ್ತದೆ. ಮೇಲೆ ಉಳಿದ ಕಿಟ್ಟವನ್ನು ಮೆಲ್ಲನೆ ತೆಗೆದು, ಮುಚ್ಚಳವಿರುವ ಒಣ ಕಬ್ಬಿಣದ ಡಬ್ಬಿಗೆ ಹಾಕಬೇಕು. ಅಚ್ಚನ್ನೂ ಮೊದಲೇ ಕಾಯಿಸಿ ಒಣಗಿಸಿ, ನಂತರ ನಿಧಾನವಾಗಿ ಒಂದೇ ಧಾರೆಯಲ್ಲಿ ಹೊಯ್ಯಬೇಕು. ಗುಂಡುಗಳನ್ನು ನೀರಿಗೆ ಹಾಕದೆ ತಾವಾಗಿ ಆರಲು ಬಿಡಬೇಕು.

ಕಿಟ್ಟವನ್ನು ಕಾಲುವೆಗೆ, ಗದ್ದೆಗೆ, ತಿಪ್ಪೆಗೆ ಸುರಿಯದೆ, ಸೀಸದ ಪರವಾನಗಿ ಪಡೆದ ಮರುಬಳಕೆದಾರರಿಗೆ ಕೊಡಬೇಕು. ಕೈ ಮುಖವನ್ನು ಸಾಬೂನಿನಿಂದ ತೊಳೆಯುವ ತನಕ ನೀರು, ಬೀಡಿ, ಎಲೆ ಅಡಿಕೆ ಯಾವುದನ್ನೂ ಬಾಯಿಗೆ ಹಾಕಬಾರದು. ಬೂಟನ್ನು ಹೊಸ್ತಿಲ ಹೊರಗೆ ಬಿಟ್ಟು, ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಗಳೊಂದಿಗೆ ಸೇರಿಸದೆ ಬೇರೆಯಾಗಿಯೇ ಒಗೆಯಬೇಕು; ಪದೇ ಪದೇ ಈ ಕೆಲಸ ಮಾಡುವವರು ರಕ್ತದಲ್ಲಿನ ಸೀಸದ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬೇಕು.