ನೇಪಾಳದ ಅನಾಥಾಲಯದಲ್ಲಿ ಸೇವೆ: ಹೊರಡುವ ಮುನ್ನ

ಕಠ್ಮಂಡುವಿಗೆ ಹೋಗಲು ಭಾರತೀಯರಿಗೆ ವೀಸಾ ಬೇಡ. ವಿಮಾನಕ್ಕೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. ಕಷ್ಟ ಇರುವುದು ಸರಿಯಾದ ಸಂಸ್ಥೆ ಹುಡುಕುವುದರಲ್ಲಿ. ಅಲ್ಲಿನ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಓದಿಸುತ್ತೇವೆಂದು ನಂಬಿಸಿ ದಲ್ಲಾಳಿಗಳು ಹುಮ್ಲಾದಂಥ ಗುಡ್ಡಗಾಡು ಜಿಲ್ಲೆಗಳಿಂದ ಮಕ್ಕಳನ್ನು ಕರೆತಂದದ್ದುಂಟು. ಆ ದಂಧೆ ನಡೆಯುವುದೇ ಹೊರಗಿನವರು ಕೊಡುವ ಶುಲ್ಕ, ದೇಣಿಗೆಯಿಂದ. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಇಂಥ ಸ್ವಯಂಸೇವೆಯ ಅಪಾಯವನ್ನು ಎತ್ತಿ ಹೇಳಿತು.

ಹಾಗಾಗಿ ಮೊದಲೇ ಕೇಳಿ: ನೋಂದಣಿ ಪತ್ರ ಇದೆಯೇ? ಮಕ್ಕಳನ್ನು ಮನೆಗೆ ಮರಳಿಸುವ ಕೆಲಸ ಮಾಡುತ್ತೀರಾ? ನನ್ನ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕಳಿಸಲೇ? ‘ಅದೆಲ್ಲ ಬೇಡ, ದುಡ್ಡು ಕಟ್ಟಿ ಬನ್ನಿ’ ಅಂದರೆ ಆ ಜಾಗ ಬಿಟ್ಟುಬಿಡಿ.

ಎರಡು ವಾರಕ್ಕೆ ಬಂದು ಹೋಗುವವರು ಮಕ್ಕಳ ಆರೈಕೆಗೆ ಇಳಿಯಬಾರದು. ಮೊದಲ ದಿನವೇ ಓಡಿಬಂದು ಅಪರಿಚಿತರ ಮಡಿಲೇರುವ ಮಗುವನ್ನು ಕಂಡು ಕರಗುತ್ತೇವೆ. ನೋಡಿಕೊಳ್ಳುವವರು ಪದೇ ಪದೇ ಬದಲಾದ ಮಕ್ಕಳಲ್ಲಿ ಎಷ್ಟೋ ಸಲ ಕಾಣುವ ಲಕ್ಷಣ ಅದು. ನೀವು ಸಿಬ್ಬಂದಿಗೆ ಲೆಕ್ಕಪತ್ರ, ಕಂಪ್ಯೂಟರ್, ಪ್ರಥಮ ಚಿಕಿತ್ಸೆ ಕಲಿಸಿ. ಮಕ್ಕಳ ಮುಖ ಕಾಣುವ ಫೋಟೊ ಎಲ್ಲೂ ಹಾಕಬೇಡಿ. ಹೊಡೆತ, ಹಸಿವು ಕಣ್ಣಿಗೆ ಬಿದ್ದರೆ ನೇಪಾಳದಲ್ಲೂ ಮಕ್ಕಳ ಸಹಾಯವಾಣಿ 1098.