ಪೇಲ್ ಏಲ್ ಕಪ್ಪಾಗ್ತಿದ್ದದ್ದು ಯಾಕೆ ಅಂತ ಕೊನೆಗೂ ಗೊತ್ತಾಯ್ತು

ಮನೆಯಲ್ಲಿ ಮೂರು ಸಲ ಮಾಡಿದರೂ ನನ್ನ ಪೇಲ್ ಏಲ್ (ತಿಳಿ ಬಣ್ಣದ ಬಿಯರ್) ತಾಮ್ರದ ಬಣ್ಣಕ್ಕೇ ತಿರುಗುತ್ತಿತ್ತು. ಬಾಯಲ್ಲಿ ಸುಟ್ಟ ಸಕ್ಕರೆಯ ಒಗರು ಬೇರೆ. ಯೀಸ್ಟ್ ಬದಲಿಸಿದೆ, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಬದಲಿಸಿದೆ. ಸುಮ್ನೆ ದುಡ್ಡು ದಂಡ.

ಪಾತ್ರೆ ತೊಳೆಯುವಾಗ ಉತ್ತರ ಸಿಕ್ಕಿತು. ತಳದಲ್ಲಿ ಅಂಗೈ ಅಗಲದ ಕರಿ ಪದರ! ಒಲೆ ಉರಿಯುತ್ತಿರುವಾಗಲೇ ದ್ರವ ಮಾಲ್ಟ್ ಎಕ್ಸ್‌ಟ್ರಾಕ್ಟ್ (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಪಾಕ) ಸುರಿದಿದ್ದೆ. ಅದು ಜೇನುತುಪ್ಪದ ಹಾಗೆ ನೇರ ತಳಕ್ಕಿಳಿದು ಸೀದುಹೋಗಿತ್ತು. ಡಬ್ಬವೂ ಹಳೆಯದು. ದ್ರವದಲ್ಲಿ ಸುಮಾರು 20% ನೀರಿರುತ್ತದೆ, ಇಟ್ಟಷ್ಟೂ ಬಣ್ಣ ಗಾಢವಾಗುತ್ತದೆ, ರುಚಿಯೂ ಕೆಡುತ್ತದೆ.

ಮುಂದಿನ ಸಲ ಅದೇ ಎಕ್ಸ್‌ಟ್ರಾಕ್ಟ್‌ನ ಪುಡಿ ತಂದೆ. ಅದರಲ್ಲಿ ನೀರು ತೀರಾ ಕಡಿಮೆ, ಹಾಗಾಗಿ ಅಷ್ಟೇ ತೂಕ ಹಾಕಿದರೆ ಬಿಯರ್ ಜಾಸ್ತಿ ಸ್ಟ್ರಾಂಗ್ ಆಗುತ್ತದೆ. 3 ಕೆಜಿ ದ್ರವದ ಜಾಗದಲ್ಲಿ 2.4 ಕೆಜಿ ಪುಡಿ ಸಾಕು. 20 ಲೀಟರ್‌ಗೆ ಗ್ರಾವಿಟಿ (ನೀರಿಗೆ ಹೋಲಿಸಿದರೆ ದ್ರವದ ಸಾಂದ್ರತೆ) 1.044ರ ಆಸುಪಾಸು ಬಂತು.

ಪುಡಿಯ ಕಾಟವೂ ಕಡಿಮೆಯೇನಲ್ಲ. ಆವಿ ತಾಗಿದ್ದೇ ತಡ, ಗೋಂದಿನಂತೆ ಚಮಚಕ್ಕೆ ಮೆತ್ತಿಕೊಂಡಿತು. ಉಳಿದದ್ದು ಗಂಟುಗಂಟಾಗಿ ತೇಲಿತು. ಈಗ ಮೊದಲು ತಣ್ಣೀರಲ್ಲಿ ಕದಡಿ, ಒಲೆ ಆರಿಸಿ, ಆಮೇಲೆ ಪಾತ್ರೆಗೆ ಹಾಕುತ್ತೇನೆ. ಅದೂ ಅರ್ಧ ಮಾತ್ರ. ಇನ್ನರ್ಧ ಕುದಿಯ ಕೊನೆಯ 10 ನಿಮಿಷಕ್ಕೆ. ಇದರಿಂದಲೂ ಬಣ್ಣ ತಿಳಿಯಾಗಿ ಉಳಿಯುತ್ತದೆ.

ನಾಲ್ಕನೇ ಸಲ ಲೋಟ ಬೆಳಕಿಗೆ ಹಿಡಿದರೆ ಹುಲ್ಲಿನ ಹಳದಿ. ಆ ಒಗರೂ ಇಲ್ಲ.

ಸ್ಟೌಟ್‌ಗೆ ಮಾತ್ರ ಈಗಲೂ ದ್ರವವನ್ನೇ ತರುತ್ತೇನೆ. ಹೇಗೂ ಕಪ್ಪು ಬಿಯರ್ ಅಲ್ವಾ! ಆದರೆ ಡಬ್ಬದ ಮೇಲಿನ ತಾರೀಕು ನೋಡದೆ ಕೊಳ್ಳುವುದಿಲ್ಲ.